ಕೋಲಾರದ ಹಳೇ ಚರ್ಚ್‌ಗಳು, ಅಲ್ಲಿನ ಸಭೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಜ್ಜಿಯ ಅಜ್ಜಿಯನ್ನು ಯಾರಾದರೂ "ನಿಮ್ದು ಯಾವೂರಮ್ಮ?" ಅಂತ ಕೇಳಿದರೆ "ಕಾಂಪೌಂಡು" ಅನ್ನುತ್ತಿದ್ದರಂತೆ. ಅಷ್ಟೇ ಉತ್ತರ. ಮಿಷನ್ ಕಾಂಪೌಂಡಿನ, ಅಂದರೆ ಮಿಷನರಿಗಳ ಆವರಣದ, ಆಚೆ ಅವರಿಗೆ ನೆನಪಿರುವ ಊರು ಇರಲಿಲ್ಲ. ಕೋಲಾರದ ಚರ್ಚ್‌ಗಳ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಊರಿನ ಹುಡುಗರು ಕೇಳುತ್ತಾರೆ, ಬೆಂಗಳೂರಿನಿಂದ ಬೇರು ಹುಡುಕಿಕೊಂಡು ಬರುವವರು ಕೇಳುತ್ತಾರೆ, ಪಕ್ಕದ ಮನೆಯ ಟೀಚರ್ ಕೂಡ ಕೇಳುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಕೋಲಾರದಲ್ಲಿ ಮೊದಲ ಚರ್ಚ್ ಯಾವುದು?

ಎಲ್ಲರೂ ಶುರು ಮಾಡುವುದೇ ಇಲ್ಲಿಂದ. ಆದರೆ ಈ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಕನ್ನಡದಲ್ಲಿ ನಾವು "ಚರ್ಚ್" ಅನ್ನುವುದು ಕಟ್ಟಡಕ್ಕೆ, "ಸಭೆ" ಅನ್ನುವುದು ಜನಕ್ಕೆ. ಎರಡಕ್ಕೂ ಒಂದೇ ವಯಸ್ಸು ಇರುವುದು ಅಪರೂಪ. ಸಭೆ ಮೊದಲು ಯಾರದೋ ಜಗಲಿಯಲ್ಲಿ, ಮರದ ಕೆಳಗೆ, ಶಾಲೆಯ ಕೋಣೆಯಲ್ಲಿ ಸೇರುತ್ತದೆ. ದುಡ್ಡು ಕೂಡಿದ ಮೇಲೆ ಗೋಡೆ ಏಳುತ್ತದೆ. ಮುಂದೆ ಜನ ಜಾಸ್ತಿಯಾದರೆ ಹಳೇ ಗೋಡೆ ಬೀಳಿಸಿ ಹೊಸದು ಕಟ್ಟುತ್ತಾರೆ. ಹಾಗಾಗಿ ಕಟ್ಟಡ ನೋಡಿ "ಇದು ಮೊದಲನೆಯದು" ಅಂತ ಹೇಳುವುದಕ್ಕೆ ಆಗುವುದಿಲ್ಲ.

ಈ ಸೀಮೆಗೆ ಕ್ರೈಸ್ತ ಧರ್ಮ ಬಂದಿದ್ದು ಇಂಗ್ಲಿಷರ ಜೊತೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದೂ ಸರಿಯಲ್ಲ. 18ನೇ ಶತಮಾನದ ಆರಂಭದಲ್ಲೇ ಜೆಸ್ವಿತ್ ಅನ್ನುವ ಕ್ಯಾಥೋಲಿಕ್ ಸಂಘದ ಫ್ರೆಂಚ್ ಗುರುಗಳು ಪುಂಗನೂರಿನಲ್ಲಿ ನೆಲೆ ಮಾಡಿಕೊಂಡಿದ್ದರು. ಪುಂಗನೂರು ಇವತ್ತು ಆಂಧ್ರದಲ್ಲಿದೆ, ಆದರೆ ಮುಳಬಾಗಿಲು ಕಡೆಯವರಿಗೆ ಅದು ಸಂತೆಗೆ ಹೋಗಿಬರುವ ಊರು. ಈ ಭಾಗದ ತೆಲುಗು ಮಾತಾಡುವ ಕ್ಯಾಥೋಲಿಕರ ಕಥೆ ಅಂಥ ಮಿಷನ್‌ಗಳಿಂದ ಶುರುವಾಗುತ್ತದೆ. 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ಮುಚ್ಚಿದಾಗ ಆ ಕೆಲಸ ಪ್ಯಾರಿಸ್ ವಿದೇಶಿ ಮಿಷನ್‌ನ ಗುರುಗಳ ಕೈಗೆ ಬಂತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆ, ಆಯಿತು, ಆದರೆ ಬಿಷಪ್ ಇರುತ್ತಿದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯ, 1953ರಲ್ಲಿ ಮಹಾಧರ್ಮಪ್ರಾಂತ್ಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳು ಇವತ್ತಿಗೂ ಅದರೊಳಗೇ ಇವೆ.

ಊರಿನೊಳಗಿನ ಮೆಥೋಡಿಸ್ಟ್ ಸಭೆ ಹೇಗೆ ಶುರುವಾಯಿತು? ಮಿಸ್ ಆನ್‌ಸ್ಟಿ ಅಂದರೆ ಯಾರು?

ಇದನ್ನು ಹೇಳಬೇಕಾದರೆ ಬರದಿಂದ ಹೇಳಬೇಕು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78. ಎರಡು ವರ್ಷ ಮಳೆ ಕೈಕೊಟ್ಟಿತು. ಮೈಸೂರು ಸಂಸ್ಥಾನದ ಜನಗಣತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 1871ರಲ್ಲಿ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಲೆಕ್ಕ ಸುಮಾರು 8 ಲಕ್ಷ 70 ಸಾವಿರ ಕೆಳಗಿಳಿದಿದೆ. ಕೋಲಾರ ಕೆರೆ ನೀರನ್ನು ನಂಬಿದ ಜಿಲ್ಲೆ. ಕೆರೆ ಒಣಗಿದರೆ ಇಲ್ಲಿ ಎರಡನೇ ದಾರಿ ಇಲ್ಲ. ರಾಗಿ ಕಣಜ ಬರಿದಾಯಿತು, ದನ ಸತ್ತವು, ಆಮೇಲೆ ಜನ ಊರು ಬಿಟ್ಟು ನಡೆದರು. ನಡೆದವರೆಲ್ಲ ಮುಟ್ಟಲಿಲ್ಲ. ದಾರಿಯಲ್ಲಿ ಉಳಿದದ್ದು ಮಕ್ಕಳು.

ಲೂಯಿಸಾ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಆ ಮಕ್ಕಳಿಗೆ ಅನಾಥಾಲಯ ನಡೆಸಿದರು. ನೂರಾರು ಮಕ್ಕಳು. ಊಟ, ಬಟ್ಟೆ, ಅಕ್ಷರ, ಕೈಕೆಲಸ. ಮಕ್ಕಳು ದೊಡ್ಡವರಾದ ಮೇಲೆ ಅವರಿಗೆ ಮದುವೆ ಮಾಡಬೇಕು, ಜಮೀನು ಬೇಕು, ಮನೆ ಬೇಕು. ಹೀಗೆ ಕೋಲಾರದ ಸುತ್ತ ಕ್ರೈಸ್ತ ಕುಟುಂಬಗಳ ಪುಟ್ಟ ಊರುಗಳೂ ಹುಟ್ಟಿದವು. ಒಬ್ಬರ ಕೈಲಿ ಎಷ್ಟು ದಿನ ಆಗುತ್ತದೆ ಹೇಳಿ? 1890ರಲ್ಲಿ ಅವರು ಇಡೀ ಕೆಲಸವನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್‌ಗೆ ಒಪ್ಪಿಸಿದರು. ಜಾಗ, ಕಟ್ಟಡ, ಮಕ್ಕಳು, ಸಭೆ ಎಲ್ಲ ಸೇರಿಸಿ.

ಅಂದರೆ ಕೋಲಾರದ ಹಳೇ ಮೆಥೋಡಿಸ್ಟ್ ಸಭೆಯ ಬುಡದಲ್ಲಿ ಇರುವವರು ಪಾದ್ರಿಗಳಲ್ಲ, ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು. ಇಲ್ಲಿನ ಎಷ್ಟೋ ಹಳೇ ಕುಟುಂಬಗಳಿಗೆ ಮನೆತನದ ಹೆಸರಿಲ್ಲ, ಮನೆದೇವರ ನೆನಪಿಲ್ಲ, ಮೂಲ ಊರು ಗೊತ್ತಿಲ್ಲ. ನಮ್ಮ ಮನೆಯೂ ಅದರಲ್ಲೊಂದು. ಒಂದೇ ಅನಾಥಾಲಯದಲ್ಲಿ ಬೆಳೆದವರ ಮಕ್ಕಳು ಮೊಮ್ಮಕ್ಕಳು ಒಬ್ಬರಿಗೊಬ್ಬರು "ಚಿಕ್ಕಪ್ಪ", "ದೊಡ್ಡಮ್ಮ" ಅಂತಲೇ ಕರೆದುಕೊಳ್ಳುತ್ತಾರೆ. ರಕ್ತಸಂಬಂಧ ಹುಡುಕಲು ಹೋದರೆ ಒಂದು ಎಳೆಯೂ ಸಿಗುವುದಿಲ್ಲ.

ಹಾಗಾದರೆ ಗಂಜಿ ಕೊಟ್ಟು ಮತಾಂತರ ಮಾಡಿದ್ದು ಅನ್ನುತ್ತಾರಲ್ಲ, ಅದು ನಿಜವೇ?

ಮಕ್ಕಳು ಗಂಜಿಯಿಂದ ಬದುಕಿದ್ದು ನಿಜ. ಅವರನ್ನು ಕ್ರೈಸ್ತರಾಗಿ ಬೆಳೆಸಿದ್ದೂ ನಿಜ. ಐದು ವರ್ಷದ ಮಗುವನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ, ಅದನ್ನೂ ಮುಚ್ಚಿಡಬೇಕಿಲ್ಲ. ಆದರೆ ಆ ಮಗುವಿನ ಮುಂದೆ ಎರಡು ತಟ್ಟೆ ಇರಲಿಲ್ಲ, ಇದ್ದದ್ದು ಒಂದೇ. ನೂರೈವತ್ತು ವರ್ಷ ಆದ ಮೇಲೆ ಹೊಟ್ಟೆ ತುಂಬಿದ ನಾವು ಕೂತು ಆ ತಟ್ಟೆಯ ಬಗ್ಗೆ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡವರಾದ ಮೇಲೆ ಎಲ್ಲಿ ಬೇಕಾದರೂ ಹೋಗಬಹುದಿತ್ತು. ಕೆಲವರು ಹೋದರು, ತುಂಬಾ ಜನ ಉಳಿದರು. ಉಳಿದವರ ಮೊಮ್ಮಕ್ಕಳಿಗೆ ಈ ಪ್ರಶ್ನೆಯನ್ನು ಮದುವೆ ಊಟದ ಪಂಕ್ತಿಯಲ್ಲಿ ಕೇಳಬೇಡಿ, ಅಷ್ಟು ಸಾಕು.

ಕೋಲಾರದ್ದು "ಮೆಥೋಡಿಸ್ಟ್", ತುಮಕೂರಿನದು "ಸಿಎಸ್‌ಐ". ಎರಡೂ ವೆಸ್ಲಿಯವರ ಕಡೆಯವೇ ಅಲ್ವಾ? ಹೆಸರು ಯಾಕೆ ಬೇರೆ?

ಒಳ್ಳೇ ಪ್ರಶ್ನೆ. ಈ ಎರಡೂ ಊರಿನ ಕ್ರೈಸ್ತರಲ್ಲೇ ಅರ್ಧ ಜನಕ್ಕೆ ಉತ್ತರ ಗೊತ್ತಿಲ್ಲ.

ಬೇರು ಒಂದೇ. 18ನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ. ಅವರ ಅನುಯಾಯಿಗಳು ಮೆಥೋಡಿಸ್ಟರು. ಇಂಗ್ಲೆಂಡಿನಲ್ಲಿ ಒಂದು ಕವಲು, ಸಮುದ್ರ ದಾಟಿ ಅಮೆರಿಕದಲ್ಲಿ ಇನ್ನೊಂದು ಕವಲು. ಇಂಗ್ಲೆಂಡಿನ ಕವಲು "ವೆಸ್ಲಿಯನ್ ಮಿಷನ್" ಅನ್ನುವ ಹೆಸರಲ್ಲಿ ಮೈಸೂರು ಸೀಮೆಗೆ ಬಂತು. ತುಮಕೂರು ಕಡೆ ಅವರು ಮೊದಲು ಬಿಡಾರ ಹೂಡಿದ್ದು ಗುಬ್ಬಿಯಲ್ಲಿ, 1830ರ ದಶಕದಲ್ಲಿ. ಹೌದು, ಗುಬ್ಬಿ ವೀರಣ್ಣನವರ ಗುಬ್ಬಿಯೇ. ಅಲ್ಲಿದ್ದ ಥಾಮಸ್ ಹಾಡ್ಸನ್ ಕನ್ನಡ ವ್ಯಾಕರಣ ಬರೆದರು. ವಿಲಿಯಂ ಆರ್ಥರ್ ಅನ್ನುವ ಯುವಕ ಪಾದ್ರಿ 1839ರಲ್ಲಿ ಬಂದು, ಕಣ್ಣಿನ ತೊಂದರೆಯಿಂದ ಎರಡೇ ವರ್ಷಕ್ಕೆ ವಾಪಸ್ ಹೋದರು. ಆಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ಮಾಡಿದರು.

ಅಮೆರಿಕದ ಕವಲು ಬೆಂಗಳೂರಿಗೆ ಬಂದದ್ದು 1870ರ ದಶಕದಲ್ಲಿ, ಕೋಲಾರಕ್ಕೆ 1890ರಲ್ಲಿ. ಆಗ ಮಿಷನ್‌ಗಳು ಸೀಮೆಗಳನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದವು. ಒಬ್ಬರ ಹೊಲಕ್ಕೆ ಇನ್ನೊಬ್ಬರು ನೀರು ಕಟ್ಟಬಾರದು ಅನ್ನುವ ಒಪ್ಪಂದ.

ಈಗ 1947ಕ್ಕೆ ಬನ್ನಿ. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು. ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಮೂರು ಗುಂಪುಗಳು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಒಂದು ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡ್ ಕಡೆಯವರು. ಎರಡನೆಯದು ಬ್ರಿಟಿಷ್ ಮೆಥೋಡಿಸ್ಟ್. ಮೂರನೆಯದು 1908ರಲ್ಲೇ ಒಂದಾಗಿದ್ದ ದಕ್ಷಿಣ ಭಾರತ ಐಕ್ಯ ಸಭೆ. ಗಮನಿಸಿ, ಸೇರಿದ್ದು "ಬ್ರಿಟಿಷ್" ಮೆಥೋಡಿಸ್ಟರು. ಅಮೆರಿಕದ ಕವಲು ಸೇರಲಿಲ್ಲ. ಅವರ ಸಂಘಟನೆ ಉತ್ತರ ಭಾರತದವರೆಗೂ ಹಬ್ಬಿತ್ತು, ದಕ್ಷಿಣದ ಒಂದು ತುಂಡನ್ನು ಮಾತ್ರ ಕಿತ್ತು ಕೊಡುವುದು ಸುಲಭವಿರಲಿಲ್ಲ. 1970ರಲ್ಲಿ ಉತ್ತರ ಭಾರತದ ಸಭೆಗಳು ಒಂದಾದಾಗಲೂ ಅವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. 1981ರಲ್ಲಿ ಅಮೆರಿಕದ ಆಡಳಿತದಿಂದ ಬಿಡಿಸಿಕೊಂಡು "ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ" ಆದರು.

ಹಾಗಾಗಿ ಗುಬ್ಬಿ, ತುಮಕೂರಿನ ವೆಸ್ಲಿಯನ್ ಸಭೆಗಳ ಬೋರ್ಡ್ ಬದಲಾಯಿತು, ಕೋಲಾರದ ಬೋರ್ಡ್ ಹಾಗೇ ಉಳಿಯಿತು. ಮದುವೆ, ಹೆಣ್ಣು ಕೊಡುವುದು ತರುವುದು ಎಲ್ಲ ಇಬ್ಬರಲ್ಲೂ ನಡೆಯುತ್ತದೆ. ನಮ್ಮ ಅತ್ತೆ ತುಮಕೂರಿನವರು. ಅಲ್ಲಿ ಹಾಡುವ ರಾಗವೇ ಇಲ್ಲೂ ಹಾಡುತ್ತೇವೆ, ಸ್ವಲ್ಪ ನಿಧಾನವಾಗಿ ಅಂತ ಅವರ ದೂರು.

ಚಿಕ್ಕಬಳ್ಳಾಪುರದ್ದು?

ಅದು ಮೂರನೇ ದಾರಿ. ಲಂಡನ್ ಮಿಷನ್. ಬಳ್ಳಾರಿಯಲ್ಲಿ ಕನ್ನಡ ಸತ್ಯವೇದದ ಅನುವಾದ ಶುರು ಮಾಡಿದ ಜಾನ್ ಹ್ಯಾಂಡ್ಸ್, ಇಂಗ್ಲಿಷ್-ಕನ್ನಡ ನಿಘಂಟು ಮಾಡಿದ ವಿಲಿಯಂ ರೀವ್ ಇಬ್ಬರೂ ಅದೇ ಮಿಷನ್‌ನವರು. ಲಂಡನ್ ಮಿಷನ್ ಸಭೆಗಳು 1908ರಲ್ಲಿ ಐಕ್ಯ ಸಭೆ ಸೇರಿದವು, 1947ರಲ್ಲಿ ಸಿಎಸ್‌ಐ ಆದವು. ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಎಲ್ಲರಿಗೂ ಗೊತ್ತು. 2007ರವರೆಗೂ ಅದು ಕೋಲಾರ ಜಿಲ್ಲೆಯೇ ಆಗಿತ್ತು, ಹಾಗಾಗಿ ಹಳೇ ಕಾಗದಗಳಲ್ಲಿ "ಕೋಲಾರ ಜಿಲ್ಲೆ" ಅಂತಿದ್ದರೆ ಗಾಬರಿಯಾಗಬೇಡಿ.

ಇಟಿಸಿಎಂ ಅಂದರೆ ಏನು?

ಎಲೆನ್ ಥೋಬರ್ನ್ ಕೋವೆನ್ ಮೆಮೋರಿಯಲ್, ಕೋಲಾರದ ಮಿಷನ್ ಆಸ್ಪತ್ರೆ. ಅಮೆರಿಕದ ಮೆಥೋಡಿಸ್ಟ್ ಹೆಂಗಸರ ಮಿಷನ್ ಸಂಘದಲ್ಲಿ ದುಡಿದವರು ಈ ಎಲೆನ್. ಮೆಥೋಡಿಸ್ಟ್ ಬಿಷಪ್ ಜೇಮ್ಸ್ ಥೋಬರ್ನ್ ಅವರ ಅಕ್ಕತಂಗಿಯರಲ್ಲಿ ಒಬ್ಬರು. ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಾಬೆಲ್ಲಾ ಥೋಬರ್ನ್ ಕೂಡ ಇದೇ ಮನೆಯವರು. ಕೋಲಾರದ ಹಳ್ಳಿಗಳಲ್ಲಿ ಇಷ್ಟೆಲ್ಲ ಯಾರಿಗೂ ಬೇಕಿಲ್ಲ. "ಮಿಷನ್ ಆಸ್ಪತ್ರೆ" ಅಂದರೆ ಆಟೋದವರು ತಂದು ಇಳಿಸುತ್ತಾರೆ.

"ಕೋಲಾರ ಮಿಷನ್ ನೇಗಿಲು" ಅಂತ ಒಂದು ಇತ್ತಂತೆ?

ಇತ್ತು, ನನಗೆ ಈ ಕಥೆ ತುಂಬಾ ಇಷ್ಟ. ಅನಾಥಾಲಯದ ಹುಡುಗರಿಗೆ ಮರಗೆಲಸ, ಕಮ್ಮಾರಿಕೆ ಕಲಿಸಲು ಮಿಷನ್ ಕೈಗಾರಿಕಾ ಶಾಲೆ ನಡೆಸುತ್ತಿತ್ತು. ಅಲ್ಲಿ ತಯಾರಾದ ಕಬ್ಬಿಣದ ನೇಗಿಲಿಗೆ ಊರಿನ ಹೆಸರೇ ಬಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯೂ ಅದನ್ನು ರೈತರಿಗೆ ತೋರಿಸುತ್ತಿತ್ತು. ಮರದ ನೇಗಿಲು ಮಣ್ಣನ್ನು ಗೀರುತ್ತದೆ, ಕಬ್ಬಿಣದ್ದು ಮಗುಚಿ ಹಾಕುತ್ತದೆ. ಕಳೆಯ ಬೇರು ಮೇಲೆ ಬಂದು ಒಣಗುತ್ತದೆ. ಬರದಲ್ಲಿ ಉಳಿದ ಮಕ್ಕಳು ಬೆಳೆದು ನೇಗಿಲು ಮಾಡಿದರು ಅನ್ನುವುದನ್ನು ಇಲ್ಲಿನ ಯಾವ ಚರ್ಚ್ ಗೋಡೆಯ ಮೇಲೂ ನಾನು ಓದಿಲ್ಲ. ಗಂಟೆ ಕೊಟ್ಟವರ ಹೆಸರು ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ.

ಕೆಜಿಎಫ್‌ನಲ್ಲಿ ಅಷ್ಟೊಂದು ಚರ್ಚ್‌ಗಳು ಯಾಕೆ?

ಚಿನ್ನ ಕರೆದುಕೊಂಡು ಬಂದ ಜನ ಒಂದೇ ಥರದವರಲ್ಲ, ಅದಕ್ಕೆ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಗಣಿ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಆಮೇಲೆ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಇವೆಲ್ಲದರ ಜೊತೆ ಜನ ಬಂದರು. ಇಂಗ್ಲಿಷ್ ಅಧಿಕಾರಿಗಳು ಆಂಗ್ಲಿಕನ್. ಕಾರ್ನ್‌ವಾಲ್‌ನ ತವರ ಗಣಿಗಳಿಂದ ಬಂದವರು ಹೆಚ್ಚಾಗಿ ಮೆಥೋಡಿಸ್ಟ್. ಇಟಲಿಯಿಂದ ಬಂದ ಗಣಿಗಾರರು ಕ್ಯಾಥೋಲಿಕ್. ಆಂಗ್ಲೋ ಇಂಡಿಯನ್ನರಲ್ಲಿ ಎರಡೂ ಇದ್ದರು. ಭೂಮಿ ಒಳಗೆ ಇಳಿದು ಕಲ್ಲು ಒಡೆದ ಬಹುಪಾಲು ಜನ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗಿನವರು. ಅವರಲ್ಲಿ ಕ್ಯಾಥೋಲಿಕರೂ ಇದ್ದರು, ಲೂಥರನ್ನರೂ ಇದ್ದರು.

ಹಾಗಾಗಿ ಒಂದೊಂದು ಗಣಿಯ ಪಕ್ಕದಲ್ಲಿ, ಒಂದೊಂದು ಭಾಷೆಗೆ, ಒಂದೊಂದು ಪಂಗಡಕ್ಕೆ ಸಭೆ ಬೇಕಾಯಿತು. ಚಾಂಪಿಯನ್ ರೀಫ್‌ನ ವಿಜಯಮಾತೆ ದೇವಾಲಯ ಕಾರ್ಮಿಕರ ಲೈನ್ ಮನೆಗಳ ನಡುವೆ ಬೆಳೆದದ್ದು. ಉರಿಗಾಂ ಕಡೆಯ ಸೇಂಟ್ ಮೈಕೆಲ್ ಚರ್ಚ್ ಸಾಹೇಬರ ಬಂಗಲೆಗಳ ಕಡೆಯದು. ಎರಡನ್ನೂ ಒಂದೇ ದಿನ ನೋಡಿ ಬನ್ನಿ. ಗಣಿಯೊಳಗಿನ ಮೇಲು ಕೀಳು ಮೇಲೆ ಬಂದ ಮೇಲೂ ಹಾಗೇ ಇತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಸಭೆಗಳು ಖಾಲಿಯಾಗುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಪೂರ್ತಿ ಹಾಗಾಗಲಿಲ್ಲ. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನ ಇನ್ನೂ ಅದೇ ಲೈನ್ ಮನೆಗಳಲ್ಲಿದ್ದಾರೆ. ವಾರಕ್ಕೆ ಆರು ದಿನ ಅವರಿಗೆ ಮನೆ ಅಂದರೆ ಮಲಗುವ ಜಾಗ. ಭಾನುವಾರ ಮಾತ್ರ ಊರು.

ಆರಾಧನೆ ಯಾವ ಭಾಷೆಯಲ್ಲಿ ನಡೆಯುತ್ತದೆ?

ಕೋಲಾರ ಪಟ್ಟಣದ ಹಳೇ ಸಭೆಗಳಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ಹೆಚ್ಚಾಗಿ ತಮಿಳು, ಜೊತೆಗೆ ಇಂಗ್ಲಿಷ್. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಓದುವುದು ಕನ್ನಡ. ಪ್ರಸಂಗ ಕನ್ನಡದಲ್ಲಿ ಕೇಳಿ, ಹೊರಗೆ ಬಂದು ಅದರ ಬಗ್ಗೆ ತೆಲುಗಿನಲ್ಲಿ ಜಗಳ ಆಡುವುದು ಇಲ್ಲಿ ಮಾಮೂಲು. ಕ್ಯಾಥೋಲಿಕರಲ್ಲಿ ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ.

ಇಬ್ಬರೂ ಕನ್ನಡವೇ ಮಾತಾಡಿದರೂ ಪದಗಳು ಬೇರೆ. ಪ್ರೊಟೆಸ್ಟೆಂಟರು, ಅಂದರೆ ಮೆಥೋಡಿಸ್ಟ್, ಸಿಎಸ್‌ಐ ಥರದವರು, "ಆರಾಧನೆ" ಅನ್ನುತ್ತಾರೆ, ಕ್ಯಾಥೋಲಿಕರು "ಪೂಜೆ". ಬ್ಯಾಪ್ಟಿಸಂಗೆ ಇವರದು "ದೀಕ್ಷಾಸ್ನಾನ", ಅವರದು "ಜ್ಞಾನಸ್ನಾನ". ಇವರು "ಸುವಾರ್ತೆ" ಓದುತ್ತಾರೆ, ಅವರು "ಶುಭಸಂದೇಶ". ಇವರ ಪುಸ್ತಕ "ಸತ್ಯವೇದ", ಅವರದು "ಪವಿತ್ರ ಬೈಬಲ್". ಒಬ್ಬರ ಬಾಯಿಂದ ನಾಲ್ಕು ಮಾತು ಬಂದರೆ ಸಾಕು, ಯಾವ ಸಭೆಯವರು ಅಂತ ನಮಗೆ ಗೊತ್ತಾಗಿಬಿಡುತ್ತದೆ.

ಪಾದ್ರಿಗಳನ್ನು ಏನಂತ ಕರೆಯಬೇಕು?

ಮೆಥೋಡಿಸ್ಟ್, ಸಿಎಸ್‌ಐ ಸಭೆಗಳಲ್ಲಿ ಹಿರಿಯರು "ಅಯ್ಯನವರೇ" ಅನ್ನುತ್ತಾರೆ, ಅವರ ಹೆಂಡತಿಗೆ "ಅಮ್ಮನವರೇ". ಹೊಸಬರು "ಪಾಸ್ಟರ್" ಅನ್ನುತ್ತಾರೆ. ಕ್ಯಾಥೋಲಿಕರಲ್ಲಿ "ಫಾದರ್" ಅಥವಾ "ಸ್ವಾಮಿ". ಅಲ್ಲಿ ಅಮ್ಮನವರು ಇರುವುದಿಲ್ಲ, ಗೊತ್ತಲ್ಲ. ಮುಖದ ಮೇಲೆ "ಪಾದ್ರಿ" ಅನ್ನಬೇಡಿ, ಸುಮ್ನೆ ಯಾಕೆ.

ಒಂದು ಚರ್ಚ್ ಎಷ್ಟು ಹಳೆಯದು ಅಂತ ನೋಡಿ ಹೇಳಬಹುದಾ?

ಹುಷಾರಾಗಿ ನೋಡಿದರೆ ಒಂದಿಷ್ಟು ಹೇಳಬಹುದು. ನಾನು ಒಮ್ಮೆ ಎಡವಿದ್ದೇನೆ. ಒಂದು ಚರ್ಚ್‌ನ ಗೋಡೆಯಲ್ಲಿದ್ದ ಹಿತ್ತಾಳೆ ಫಲಕದ ಇಸವಿಯನ್ನು ಕಟ್ಟಡದ ಇಸವಿ ಅಂದುಕೊಂಡು, ಅದರ ಮೇಲೆ ಶತಮಾನೋತ್ಸವದ ಭಾಷಣವನ್ನೂ ಬರೆದುಕೊಟ್ಟೆ. ಭಾಷಣ ಮುಗಿದು ಊಟಕ್ಕೆ ಕೂತಾಗ ಒಬ್ಬ ಅಜ್ಜ ಮೆಲ್ಲಗೆ ಹೇಳಿದರು: "ಅದು ಸತ್ತೋದವರ ಇಸವಿ ಕಣಮ್ಮ. ಚರ್ಚು ಅದಕ್ಕೂ ಮುಂಚೆಯದು." ಬಿರಿಯಾನಿ ಗಂಟಲಲ್ಲಿ ಇಳಿಯಲಿಲ್ಲ.

ಈಗ ನಾನು ಮೊದಲು ಹೆಸರು ನೋಡುತ್ತೇನೆ. ಕಲ್ಲಿನ ಮೇಲೆ "ಮೆಥೋಡಿಸ್ಟ್ ಎಪಿಸ್ಕೋಪಲ್" ಅಂತಿದ್ದರೆ ಅದು 1939ಕ್ಕಿಂತ ಹಿಂದಿನದು ಇರಬೇಕು. ಆ ವರ್ಷ ಅಮೆರಿಕದಲ್ಲಿ ಪಂಗಡಗಳು ಒಂದಾಗಿ "ಎಪಿಸ್ಕೋಪಲ್" ಬಿದ್ದುಹೋಯಿತು. ತುಮಕೂರು ಕಡೆ "ವೆಸ್ಲಿಯನ್" ಅಂತಿದ್ದರೆ 1932ಕ್ಕಿಂತ ಹಿಂದಿನದು, ಯಾಕೆಂದರೆ ಇಂಗ್ಲೆಂಡಿನ ಒಕ್ಕೂಟ ಆಗಿದ್ದು ಆ ವರ್ಷ. "ಸಿಎಸ್‌ಐ" ಅಂತಿದ್ದರೆ 1947ರ ನಂತರ ಕೆತ್ತಿದ್ದು. ಆದರೆ ಹಳೇ ಕಟ್ಟಡಕ್ಕೆ ಹೊಸ ಕಲ್ಲು ಹಾಕಿರಬಹುದು, ಹೊಸ ಕಟ್ಟಡಕ್ಕೆ ಹಳೇ ಕಲ್ಲು ತಂದು ಕೂರಿಸಿರಬಹುದು. ಕಲ್ಲಿನ ಸುತ್ತ ಗಾರೆ ಬೇರೆ ಬಣ್ಣದಲ್ಲಿದ್ದರೆ ಅನುಮಾನ ಪಡಿ. ಹೆಂಚು ನಂಬಬೇಡಿ. ಮಂಗಳೂರು ಹೆಂಚಿನ ಕಾರ್ಖಾನೆ 1865ರಲ್ಲೇ ಶುರುವಾಯಿತು, ಆದರೆ ಕೋತಿ ಕಾಟದಿಂದ ಇಲ್ಲಿ ಹೆಂಚು ಪದೇ ಪದೇ ಬದಲಾಗುತ್ತದೆ.

ನಮ್ಮ ತಾತನ ದೀಕ್ಷಾಸ್ನಾನದ ದಾಖಲೆ ಬೇಕು. ಎಲ್ಲಿ ಸಿಗುತ್ತದೆ?

ಮೊದಲು ಆ ಚರ್ಚಿನಲ್ಲೇ ಕೇಳಿ. ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರಕ್ಕೂ ಬೇರೆ ಬೇರೆ ರಿಜಿಸ್ಟರ್ ಇರುತ್ತದೆ. ಮದುವೆಯದು ಗಟ್ಟಿ ದಾಖಲೆ, 1872ರ ಕ್ರೈಸ್ತ ವಿವಾಹ ಕಾಯ್ದೆಯ ಕೆಳಗೆ ಬರೆಯಲೇಬೇಕಾದದ್ದು. ಭಾನುವಾರ ಹೋಗಬೇಡಿ, ಅಯ್ಯನವರಿಗೆ ಪುರುಸೊತ್ತು ಇರುವುದಿಲ್ಲ. ವಾರದ ನಡುವೆ, ಫೋನ್ ಮಾಡಿಕೊಂಡು ಹೋಗಿ. ಹೆಸರಿನ ಜೊತೆ ಅಂದಾಜು ಇಸವಿ, ತಂದೆ ತಾಯಿ ಹೆಸರು ಬರೆದುಕೊಂಡು ಹೋಗಿ. "ದೇವದಾಸ್" ಅಂತ ಮಾತ್ರ ಹೇಳಿದರೆ ಒಂದು ಪುಟಕ್ಕೆ ಮೂವರು ಸಿಗುತ್ತಾರೆ.

ಒಂದು ಎಚ್ಚರಿಕೆ. ಹೆಸರನ್ನು ಬರೆದವರು ಬಿಳಿಯರು, ಹೇಳಿದವರು ನಮ್ಮವರು. ನಮ್ಮ ಮುತ್ತಾತನ ಹೆಸರು ಮೂರು ಕಡೆ ಮೂರು ರೀತಿ ಇದೆ. ಕೈಬರಹ ನೋಡಿ ಓದಬೇಡಿ, ಬಾಯಲ್ಲಿ ಜೋರಾಗಿ ಹೇಳಿಕೊಂಡು ಓದಿ. ಕಿವಿಗೆ ಗೊತ್ತಾಗುತ್ತದೆ. ಗೆದ್ದಲು ತಿಂದ ಪುಟ ಸಿಕ್ಕರೆ ನೀವೇ ಬಿಡಿಸಲು ಹೋಗಬೇಡಿ. ನಾನು ಹಾಗೆ ಮಾಡಿ ಅರ್ಧ ಪುಟ ಪುಡಿಯಾಗಿ ಮಡಿಲಿಗೆ ಉದುರಿತು.

ಚರ್ಚಿನಲ್ಲಿ ಸಿಗದಿದ್ದರೆ ಯಾವ ಮಿಷನ್ ಅನ್ನುವುದು ಮುಖ್ಯವಾಗುತ್ತದೆ. ಮೇಲೆ ಅಷ್ಟುದ್ದ ಹೇಳಿದ್ದು ಅದಕ್ಕೇ. ಕೋಲಾರದ ಅಮೆರಿಕನ್ ಮೆಥೋಡಿಸ್ಟರ ವರದಿಗಳು ಅಮೆರಿಕದ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಮೆಥೋಡಿಸ್ಟ್ ದಾಖಲೆ ಕೇಂದ್ರಕ್ಕೆ ಸೇರಿವೆ. ತುಮಕೂರಿನ ವೆಸ್ಲಿಯನ್, ಚಿಕ್ಕಬಳ್ಳಾಪುರದ ಲಂಡನ್ ಮಿಷನ್ ಕಾಗದಗಳು ಲಂಡನ್‌ನ ಸೋಆಸ್ ಗ್ರಂಥಾಲಯದಲ್ಲಿ. ಕೆಜಿಎಫ್‌ನ ಯುರೋಪಿಯನ್ನರ ದೀಕ್ಷಾಸ್ನಾನ, ಮದುವೆ ಹುಡುಕುವವರು ಬ್ರಿಟಿಷ್ ಲೈಬ್ರರಿ ನೋಡಬೇಕು. ಹತ್ತಿರದಲ್ಲಿ ಬೇಕಾದರೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದೆ. ನಮ್ಮ ಊರಿನ ಬರದ ಮಕ್ಕಳ ಸುದ್ದಿ ಓದಲು ಅಮೆರಿಕಕ್ಕೆ ಬರೆಯಬೇಕು, ಏನು ಮಾಡುವುದು!

ಜಾತಿ ಸರ್ಟಿಫಿಕೇಟ್ ವಿಷಯ?

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಪಟ್ಟಿಗೆ ಕ್ರೈಸ್ತರು ಬರುವುದಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅವಕಾಶ ಕೊಟ್ಟರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. ಇಲ್ಲಿ ಬರದ ಮಕ್ಕಳ ಸಂತತಿಗೆ ಒಂದು ವಿಚಿತ್ರ ಪೇಚಾಟ ಇದೆ. ಯಾವ ಜಾತಿಯಿಂದ ಬಂದವರು ಅಂತ ತೋರಿಸುವುದಕ್ಕೆ ಅವರ ಬಳಿ ಏನೂ ಇಲ್ಲ. ಕಚೇರಿಯ ಕೌಂಟರಿನಲ್ಲಿ "ಮೂಲ ಜಾತಿ ಯಾವುದು?" ಅಂದಾಗ "ಕಾಂಪೌಂಡು" ಅನ್ನುವುದಕ್ಕೆ ಆಗುತ್ತದಾ?

ಸುಗ್ಗಿ ಹಬ್ಬದ ಹರಾಜು ನೋಡಬೇಕು ಅಂತಾರಲ್ಲ, ಅದೇನು?

ನೋಡಲೇಬೇಕು. ಕೆಲವರು ಹಾರ್ವೆಸ್ಟ್ ಅನ್ನುತ್ತಾರೆ. ಮನೆಗೊಂದು ಕಾಣಿಕೆ ಬರುತ್ತದೆ. ರಾಗಿ ಮೂಟೆ, ಕ್ರೇಟ್‌ಗಟ್ಟಲೆ ಟೊಮೇಟೊ, ಕುಂಬಳಕಾಯಿ, ಹುಂಜ, ಕೇಕು, ಕೈಯಲ್ಲಿ ಹೆಣೆದ ಸ್ವೆಟರ್. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಬಂದ ದುಡ್ಡು ಸಭೆಗೆ.

ಹೋದ ಸಲ ಒಂದು ನಾಟಿ ಕೋಳಿ ಮೊಟ್ಟೆ ಬಂತು. ಒಬ್ಬ ಅಜ್ಜಿ ಸೆರಗಿನ ಗಂಟಿನಲ್ಲಿ ತಂದಿದ್ದು. ಹರಾಜು ಕೂಗುವ ಅಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು "ಒಂದೇ ಒಂದು ಮೊಟ್ಟೆ, ಹತ್ತು ರೂಪಾಯಿ!" ಅಂದ. ಐವತ್ತಾಯಿತು, ನೂರಾಯಿತು. ಬೆಂಗಳೂರಿಂದ ಬಂದಿದ್ದ ಐಟಿ ಹುಡುಗ ಐನೂರಕ್ಕೆ ಕೂಗಿ ತೆಗೆದುಕೊಂಡ. ಹಾಗೇ ವಾಪಸ್ ಮೇಜಿನ ಮೇಲಿಟ್ಟ, "ಮತ್ತೆ ಕೂಗಿ" ಅಂದ. ಇನ್ನೊಬ್ಬರು ಮುನ್ನೂರಕ್ಕೆ ತೆಗೆದುಕೊಂಡು ಅವರೂ ವಾಪಸ್ ಇಟ್ಟರು. ನಾಲ್ಕನೇ ಸಲ ಕೂಗುವಾಗ ಅಣ್ಣನ ಕೈ ಜಾರಿ ಮೊಟ್ಟೆ ಒಡೆಯಿತು. ಅಷ್ಟರಲ್ಲಿ ಅದು ಒಂದು ಮೂಟೆ ರಾಗಿಗಿಂತ ಜಾಸ್ತಿ ದುಡ್ಡು ತಂದಿತ್ತು. ಅಜ್ಜಿ ಮಾತ್ರ "ಸಾರಿಗಾದ್ರೂ ಆಗ್ತಿತ್ತು" ಅಂತ ಗೊಣಗುತ್ತಿದ್ದರು.

ಕ್ರೈಸ್ತರಲ್ಲದವರು ಒಳಗೆ ಬರಬಹುದಾ?

ಧಾರಾಳವಾಗಿ ಬನ್ನಿ. ಹಳೇ ಸಭೆಗಳಲ್ಲಿ ಯಾರೂ ತಡೆಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ. ಪ್ರಸಾದ ಅಂದುಕೊಂಡು ರೊಟ್ಟಿ, ದ್ರಾಕ್ಷಾರಸಕ್ಕೆ ಸಾಲಿನಲ್ಲಿ ನಿಲ್ಲಬೇಡಿ, ಅದು ಸಭೆಯವರಿಗೆ ಮಾತ್ರ. ಕ್ರಿಸ್ಮಸ್ ಹಿಂದಿನ ರಾತ್ರಿ ಬಂದರೆ ಬಾಗಿಲ ಹತ್ತಿರ ನಿಂತೇ ನೋಡಬೇಕಾಗುತ್ತದೆ, ಅಷ್ಟು ಜನ. ಮಾರನೇ ದಿನ ಕಲ್‌ಕಲ್, ಕಜ್ಜಾಯ, ಚಕ್ಕುಲಿ ತಟ್ಟೆ ನಿಮ್ಮ ಮನೆಗೇ ಬರುತ್ತದೆ. ತಟ್ಟೆ ಖಾಲಿ ಕಳಿಸಬೇಡಿ.

ಈಚೆಗೆ ಹುಟ್ಟಿದ ಸಭೆಗಳು?

ಮಹಡಿ ಮೇಲೆ, ಬಾಡಿಗೆ ಹಾಲಿನಲ್ಲಿ, ತಗಡಿನ ಶೆಡ್ಡಿನಲ್ಲಿ ನಡೆಯುವ ಪೆಂತೆಕೋಸ್ತ ಸಭೆಗಳು ಈಗ ತುಂಬಾ. ಕೀಬೋರ್ಡು, ಡ್ರಮ್ಮು, ಕೈಚಪ್ಪಾಳೆ. ಹಳಬರಿಗೆ ಇದು ಗಲಾಟೆ ಅನ್ನಿಸುತ್ತದೆ. ಆದರೆ ನಾನು ಮೊದಲೇ ಹೇಳಿದೆ, ಸಭೆ ಶುರುವಾಗುವುದೇ ಜಗಲಿಯಲ್ಲಿ.

ಹಳೇ ಸಮಾಧಿಗಳನ್ನು ನೋಡಲು ಯಾವಾಗ ಹೋಗಬೇಕು?

ನವೆಂಬರ್ 2ರ ಸಂಜೆ. ಸತ್ತವರನ್ನು ನೆನೆಯುವ ದಿನ ಅದು. ಮುಖ್ಯವಾಗಿ ಕ್ಯಾಥೋಲಿಕರದು, ಆದರೆ ನಮ್ಮವರೂ ಹೋಗುತ್ತಾರೆ. ಒಂದು ವಾರ ಮೊದಲೇ ಕಳೆ ಕಿತ್ತು, ಸುಣ್ಣ ಬಳಿದಿರುತ್ತಾರೆ. ಶಿಲುಬೆಗೆ ಸೇವಂತಿಗೆ ಹಾರ, ಕಾಲಡಿಯಲ್ಲಿ ಮೇಣದ ಬತ್ತಿ. ಗಾಳಿಗೆ ಆರಿದರೆ ಪಕ್ಕದ ಸಮಾಧಿಯವರು ಹಚ್ಚುತ್ತಾರೆ.

ಹಳೇ ಮೂಲೆಯಲ್ಲಿ ಕಲ್ಲೂ ಇಲ್ಲದ, ಹೆಸರೂ ಇಲ್ಲದ ಮಣ್ಣಿನ ದಿಬ್ಬಗಳಿವೆ. ನಮ್ಮ ಅಜ್ಜಿ ಇದ್ದಾಗ ಒಂದು ಪ್ಯಾಕೆಟ್ ಬತ್ತಿ ಜಾಸ್ತಿಯೇ ತರುತ್ತಿದ್ದರು. ನಮ್ಮವರ ಸಮಾಧಿ ಮುಗಿದ ಮೇಲೆ ಆ ಮೂಲೆಗೆ ಹೋಗಿ ದಿಬ್ಬಕ್ಕೊಂದು ಹಚ್ಚಿ ಬರುತ್ತಿದ್ದರು. "ಇವರು ಯಾರಜ್ಜಿ?" ಅಂದರೆ "ಕಾಂಪೌಂಡಿನವರು" ಅನ್ನುತ್ತಿದ್ದರು. ಈಗ ಆ ಪ್ಯಾಕೆಟ್ ನಾನು ತರುತ್ತೇನೆ. ನೀವು ಬರುವುದಾದರೆ ಬೆಂಕಿಪೊಟ್ಟಣ ತನ್ನಿ, ಅಂತರಗಂಗೆ ಬೆಟ್ಟದ ಕಡೆಯಿಂದ ಆ ಹೊತ್ತಿಗೆ ಗಾಳಿ ಜಾಸ್ತಿ.